ಜಾಮೀನು ಸಿಕ್ಕಿದರೂ ಒಳಗೇ ಇರುವವರು: ಜಿಲ್ಲಾ ಜೈಲು, ಸಬ್‌ಜೈಲುಗಳಲ್ಲಿ ಏನಾಗುತ್ತಿದೆ?

ಕಟ್ಟೆಪುರಾಣ:

ಜೈಲು ಅಂದ ಕೂಡಲೇ ನಮ್ಮಲ್ಲಿ ಮಾತು ಪರಪ್ಪನ ಅಗ್ರಹಾರಕ್ಕೆ ಹೋಗುತ್ತದೆ. ಯಾರಿಗೆ ಕುರ್ಚಿ ಹಾಕಿಕೊಟ್ಟರು, ಯಾರ ಕೈಗೆ ಮೊಬೈಲ್ ಸಿಕ್ಕಿತು, ಯಾರಿಗೆ ಹಾಸಿಗೆ ಬಂತು. ಟಿವಿಯವರಿಗೂ ಅದೇ ಬೇಕು. ನಾನು ಮಾತಾಡಬೇಕು ಅಂದುಕೊಂಡಿರುವುದು ಜಿಲ್ಲಾ ಜೈಲು, ತಾಲೂಕಿನ ಸಬ್‌ಜೈಲುಗಳ ಬಗ್ಗೆ. ಹಳೇ ತಾಲೂಕು ಕಚೇರಿ ಹಿಂದೆಯೋ ಕೋರ್ಟ್ ಪಕ್ಕದಲ್ಲೋ ಇರುತ್ತವಲ್ಲ, ದಿನಾ ಮುಂದೆ ಓಡಾಡಿದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅವು.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದಲ್ಲಿ 1,330 ಜೈಲುಗಳಿದ್ದವು. ಜಾಗ ಇದ್ದದ್ದು 4,36,266 ಜನಕ್ಕೆ. ಒಳಗಿದ್ದವರು 5,73,220. ಅದರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ಶಿಕ್ಷೆ ಆದವರನ್ನೆಲ್ಲ ಬೇರೆಲ್ಲಿಗೋ ಕಳಿಸಿಬಿಟ್ಟರೂ, ಕೇಸು ಮುಗಿಯದವರಿಂದಲೇ ಜೈಲು ಹೆಚ್ಚುಕಮ್ಮಿ ಭರ್ತಿ!

ನಾನು ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್ (ವಕೀಲರಲ್ಲದ ಸ್ವಯಂಸೇವಕ) ಆಗಿ ಒಂದು ಜಿಲ್ಲಾ ಜೈಲಿಗೆ ಹೋಗಿ ಬರುತ್ತೇನೆ. ಯಾವ ಜಿಲ್ಲೆ ಅಂತ ಕೇಳಬೇಡಿ. ಅಲ್ಲಿ ನನಗೆ ಅರ್ಥವೇ ಆಗದ ಗುಂಪು ಒಂದಿದೆ. ಇವರಿಗೆ ಜಾಮೀನು ಮಂಜೂರಾಗಿದೆ. ಬಿಡಿ ಅಂತ ಜಡ್ಜ್ ಹೇಳಿಯಾಗಿದೆ. ಆದರೂ ಒಳಗಿದ್ದಾರೆ.

ಒಬ್ಬ ಹುಡುಗ, ರಾಯಚೂರು ಕಡೆಯವನು, ಗಾರೆ ಕೆಲಸಕ್ಕೆ ಬಂದಿದ್ದ. ಮೊಬೈಲ್ ಕಳವಿನ ಕೇಸು. ₹50,000 ಬಾಂಡ್ (ತಾರೀಖಿಗೆ ಬರುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ), ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಬೇಕು. ಊರಿನಿಂದ ಅಪ್ಪ ಬಸ್ ಹತ್ತಿ ಬಂದರು. ಪಹಣಿಯನ್ನೂ ತಂದಿದ್ದರು. ನೋಡಿದರೆ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದೆ. ಪೌತಿ ಖಾತೆ ಮಾಡಿಸಿಲ್ಲ. ನಡೆಯಲ್ಲ ಅಂದರು. ಅಪ್ಪ ವಾಪಸ್ ಹೋದರು, ಹುಡುಗ ವಾಪಸ್ ಬ್ಯಾರಕ್‌ಗೆ ಹೋದ.

ಜೈಲಿನಲ್ಲಿ ಜಾಗ ಇಲ್ಲ ಅಂತ ಹೊಸ ಕಟ್ಟಡ ಕಟ್ಟುತ್ತೇವೆ. ಈ ಹುಡುಗನಂಥವರು ಹೊರಗೆ ಬಂದರೆ ಎಷ್ಟು ಜಾಗ ಖಾಲಿ ಆಗುತ್ತದೆ ಅಂತ ಯಾರೂ ಎಣಿಸುವುದಿಲ್ಲ. ನಿಮ್ಮ ಊರಿನ ಕಡೆ ಹೇಗಿದೆ? ವಕೀಲರು, ಇಲಾಖೆಯವರು ಇದ್ದರೆ ದಯವಿಟ್ಟು ಹೇಳಿ.

ನೇರನುಡಿ:

ಕೋಪ ಮಾಡ್ಕೋಬೇಡಿ, ನೇರವಾಗಿ ಹೇಳುತ್ತೇನೆ. ನನ್ನ ಬೈಕ್ ಕಳುವಾಗಿ ವರ್ಷವಾಯ್ತು. ಕದ್ದವನು ಸಿಕ್ಕಿದ, ಬೈಕ್ ಸಿಗಲಿಲ್ಲ, ಸಿಕ್ಕಿದ್ದು ಎರಡು ಚಕ್ರ. ಸ್ಟೇಷನ್‌ಗೆ ಅಲೆದಿದ್ದು ನಾನು, ರಜೆ ಹಾಕಿದ್ದು ನಾನು. ಈಗ ಅವನಿಗೆ ಒಳಗೆ ಮಲಗಲು ಜಾಗ ಸಾಲದು ಅಂತ ನಾನು ಮರುಗಬೇಕಾ? ಜೈಲು ಅಂದಮೇಲೆ ಕಷ್ಟ ಇರಲೇಬೇಕು ಅಲ್ವಾ?

ಕರಿಕೋಟು:

ನೇರನುಡಿ ಸರ್, ನಿಮ್ಮ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಗಾರೆ ಹುಡುಗನ ವಿಷಯ.

1978ರಲ್ಲೇ ಸುಪ್ರೀಂ ಕೋರ್ಟ್ ಮುಂದೆ ಹೆಚ್ಚುಕಮ್ಮಿ ಇದೇ ಕೇಸು ಬಂದಿತ್ತು. ಮೋತಿರಾಮ್ ಅಂತ, ಮಧ್ಯಪ್ರದೇಶದವರು, ಅವರೂ ಗಾರೆ ಕೆಲಸದವರೇ. ಮ್ಯಾಜಿಸ್ಟ್ರೇಟ್ ₹10,000ಕ್ಕೆ ಜಾಮೀನುದಾರ ಬೇಕು ಅಂದರು. ತಮ್ಮ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಸರಿಯಾಗಿ ಝಾಡಿಸಿ, ₹1,000ದ ಸ್ವಂತ ಬಾಂಡ್ ಮೇಲೆ ಬಿಡಿ ಅಂದರು. ಆಮೇಲೂ ಪರಿಸ್ಥಿತಿ ಬದಲಾಗಲಿಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಬೇಕಾಯಿತು. ಜಾಮೀನು ಆದೇಶದ ಪ್ರತಿಯನ್ನು ಅವತ್ತೇ ಅಥವಾ ಮಾರನೇ ದಿನ ಜೈಲಿಗೆ ಇ-ಮೇಲ್ ಮಾಡಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕು ಅಂತ ಹಟ ಬೇಡ ಅನ್ನುವುದೂ ಅದರಲ್ಲೇ ಇದೆ.

ಆದರೂ ಕೆಳಗಿನ ಕೋರ್ಟುಗಳಲ್ಲಿ ಯಾಕೆ ಹೀಗೆ? ಹೆದರಿಕೆ. ಆರೋಪಿ ತಾರೀಖಿಗೆ ಬರದಿದ್ದರೆ ವಾರಂಟ್, ಮತ್ತೆ ಎನ್‌ಬಿಡಬ್ಲ್ಯು, ಅಂದರೆ ಜಾಮೀನುರಹಿತ ವಾರಂಟ್, ಕೊನೆಗೆ ಕೇಸು ಎಲ್‌ಪಿಸಿ ರಿಜಿಸ್ಟರ್‌ಗೆ, ಅಂದರೆ ಬಹುಕಾಲ ಬಾಕಿ ಉಳಿದ ಕೇಸುಗಳ ಪಟ್ಟಿಗೆ. ಬಾಕಿ ಕೇಸುಗಳ ಪಟ್ಟಿ ಉದ್ದ ಆಗುತ್ತದೆ. ಇನ್ನೊಂದು ಕಡೆ ನಕಲಿ ಜಾಮೀನುದಾರರ ಕಾಟ. ಕೋರ್ಟ್ ಗೇಟಿನ ಹತ್ತಿರ ಬಾಡಿಗೆಗೆ ಸಿಗುತ್ತಾರೆ. ಅದೇ ಪಹಣಿ, ಅದೇ ಆಧಾರ್, ಇವತ್ತು ಈ ಕೋರ್ಟು, ನಾಳೆ ಪಕ್ಕದ ತಾಲೂಕಿನ ಕೋರ್ಟು. ಎಷ್ಟು ಜನಕ್ಕೆ ಜಾಮೀನು ನಿಂತಿದ್ದೀಯ ಅಂತ ಘೋಷಣೆ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಕೊಡುತ್ತಾರೆ, ಸುಳ್ಳೇ ಕೊಡುತ್ತಾರೆ. ಹಾಗಾಗಿ ಕೋರ್ಟ್ ಕಾಗದಗಳನ್ನು ಬಿಗಿ ಮಾಡುತ್ತದೆ. ಬಿಗಿ ಮಾಡಿದಷ್ಟೂ ಪ್ರಾಮಾಣಿಕರು ಹೊರಗೆ ಉಳಿಯುತ್ತಾರೆ. ಬಾಡಿಗೆಯವರ ಹತ್ತಿರ ಮಾತ್ರ ಕಾಗದ ಯಾವಾಗಲೂ ಪಕ್ಕಾ ಇರುತ್ತದೆ.

ಹಳೇಖಾಕಿ:

ವಕೀಲರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಜೈಲು ಇಲಾಖೆಯಲ್ಲಿ ವಾರ್ಡರ್ ಆಗಿ ಸೇರಿ ನಿವೃತ್ತಿ ಆದವನು. ಹಿಂದೆ ಎಷ್ಟೋ ತಾಲೂಕು ಸಬ್‌ಜೈಲಿಗೆ ತಹಶೀಲ್ದಾರರೇ ಸೂಪರಿಂಟೆಂಡೆಂಟ್. ಅವರಿಗೆ ಜಮಾಬಂದಿ, ಚುನಾವಣೆ, ಬರ, ನೂರೆಂಟು ಕೆಲಸ. ಜೈಲಿನ ನೆನಪು ಬರುತ್ತಿದ್ದುದು ಒಳಗೆ ಏನಾದರೂ ಆದಾಗ ಮಾತ್ರ.

ಬಿಡುಗಡೆ ವಿಷಯದಲ್ಲಿ ಜನ ನಮ್ಮನ್ನೇ ಬೈಯುತ್ತಾರೆ. ಗೇಟಿನಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ ಕೇಳಿ. ಕೋರ್ಟಿನಿಂದ ಬಿಡುಗಡೆ ಆದೇಶ ಬರುತ್ತದೆ. ಅದನ್ನು ನಾವು ಒಳಗೆ ತಂದಾಗಿನ ವಾರಂಟ್ ಜೊತೆ ಇಟ್ಟು ತಾಳೆ ನೋಡಬೇಕು. ಹೆಸರು, ತಂದೆ ಹೆಸರು, ಕ್ರೈಂ ನಂಬರ್, ಕಲಂ. ವಾರಂಟ್‌ನಲ್ಲಿ ‘ಮಂಜ ಅಲಿಯಾಸ್ ಮಂಜುನಾಥ’ ಅಂತ ಇರುತ್ತದೆ, ಆದೇಶದಲ್ಲಿ ‘ಮಂಜುನಾಥ ಆರ್’ ಅಂತ ಇರುತ್ತದೆ. ಮಂಜ ನಮ್ಮ ಮುಂದೆಯೇ ನಿಂತಿರುತ್ತಾನೆ. ಬಟ್ಟೆ ಗಂಟು ಕಟ್ಟಿಕೊಂಡು, ಪಕ್ಕದವರಿಗೆಲ್ಲ ಹೇಳಿ ಬಂದಿರುತ್ತಾನೆ. ಬಿಡೋ ಹಾಗಿಲ್ಲ. ತಪ್ಪು ಮನುಷ್ಯನನ್ನು ಬಿಟ್ಟರೆ ಸಸ್ಪೆಂಡ್ ಆಗುವುದು ಗೇಟಿನವನು. ಕಾಗದ ಕೋರ್ಟಿಗೆ ವಾಪಸ್. ಶನಿವಾರ ಸಂಜೆ ಆಗಿದ್ದರೆ ಸೋಮವಾರದ ತನಕ ಮುಗೀತು. ಸಂಜೆ ಲಾಕಪ್ ಆದಮೇಲೆ ಆದೇಶ ಬಂದರೂ ಬೆಳಿಗ್ಗೆಯೇ.

ಎಣಿಕೆ ಮುಗಿದು ಬೀಗ ಬಿದ್ದಮೇಲೆ ಒಂದು ಬ್ಯಾರಕ್ ತೆಗೆಯುವುದು ಸುಲಭದ ಮಾತಲ್ಲ. ಆರು ಕೈದಿಗಳಿಗೆ ಒಬ್ಬ ಕಾವಲಿನವನು ಇರಬೇಕು ಅಂತ ಮಾದರಿ ಜೈಲು ಕೈಪಿಡಿ ಹೇಳುತ್ತದೆ. ರಾತ್ರಿ ಪಾಳಿಗೆ ಬಂದು ನೋಡಿ, ಆಮೇಲೆ ಹೇಳಿ.

ಕರಿಕೋಟು:

ಹಳೇಖಾಕಿ ಸರ್, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಈ ತಾಳೆ ನೋಡುವುದು ಅತಿಯಾದರೆ ಏನಾಗುತ್ತದೆ ಅಂತಲೂ ನೋಡಿದ್ದೇವೆ. 2025ರಲ್ಲಿ ಗಾಜಿಯಾಬಾದ್ ಜೈಲಿನಲ್ಲಿ ಒಬ್ಬರಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಕೋರ್ಟಿನ ಬಿಡುಗಡೆ ಆದೇಶದಲ್ಲಿ ಒಂದು ಉಪಕಲಂ ಬರೆದಿರಲಿಲ್ಲ ಅಂತ ಸುಮಾರು ಒಂದು ತಿಂಗಳು ಹೊರಗೆ ಬಿಡಲಿಲ್ಲ. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶ ಸರ್ಕಾರಕ್ಕೆ ₹5 ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. ಮನುಷ್ಯ ಯಾರು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಹಳೇಖಾಕಿ:

ಒಪ್ಪಿದೆ ಸರ್. ಆದರೆ ಪರಿಹಾರದ ಸುದ್ದಿ ಓದಿದ ವಾರ್ಡರ್‌ಗೂ ಧೈರ್ಯ ಬರಲ್ಲ. ಬಿಟ್ಟರೂ ಕಷ್ಟ, ಬಿಡದಿದ್ದರೂ ಕಷ್ಟ ಅಂದುಕೊಂಡು ಫೈಲ್ ಮೇಲಿನವರಿಗೆ ತಳ್ಳುತ್ತಾನೆ. ಅಲ್ಲಿ ಇನ್ನೆರಡು ದಿನ.

ಅಣ್ಣನತಂಗಿ:

ಇದನ್ನೆಲ್ಲ ಓದಿ ಬರೆಯಬೇಕು ಅನ್ನಿಸಿತು. ನನ್ನ ಅಣ್ಣ ಈಗ ಒಳಗಿದ್ದಾನೆ. ಅಂಗಡಿ ಬೀಗ ಒಡೆದ ಕೇಸು. ಅವನು ಮಾಡಿದ್ದಾನೋ ಇಲ್ಲವೋ, ಅದನ್ನು ಇಲ್ಲಿ ಹೇಳಲ್ಲ, ಕೋರ್ಟ್ ನೋಡಿಕೊಳ್ಳಲಿ. ಜಾಮೀನು ಆಗಿದೆ. ಇಬ್ಬರು ಜಾಮೀನುದಾರರು ಬೇಕು ಅಂದಿದ್ದಾರೆ. ನಮಗೆ ಜಮೀನಿಲ್ಲ. ದೊಡ್ಡಪ್ಪನ ಹತ್ತಿರ ಹೋದೆ. ಕಾಫಿ ಕೊಟ್ಟರು. ಪಹಣಿ ಕೇಳಿದ ತಕ್ಷಣ ದೊಡ್ಡಮ್ಮ, ‘ಅವನು ನಾಳೆ ಎಲ್ಲಾದರೂ ಓಡಿಹೋದರೆ ನಮ್ಮ ಪಹಣಿಯಲ್ಲಿ ಸಾಲ ಅಂತ ಬಂದುಬಿಡುತ್ತಾ?’ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಎದ್ದು ಬಂದೆ.

ಮುಲಾಖಾತ್‌ಗೆ ಹೋದರೆ ಬೆಳಿಗ್ಗೆಯೇ ಸಾಲು. ಆಧಾರ್ ಜೆರಾಕ್ಸ್ ಕೊಡಬೇಕು, ಹೆಸರು ಬರೆಸಬೇಕು. ನಮ್ಮ ಸರದಿ ಬಂದಾಗ ಎರಡು ಜಾಲರಿ, ಮಧ್ಯೆ ಜಾಗ, ಆ ಕಡೆ ಅವರೆಲ್ಲ, ಈ ಕಡೆ ನಾವೆಲ್ಲ. ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅವನು ಏನೋ ಕೇಳಿದ, ಕೇಳಿಸಲಿಲ್ಲ. ಬೆರಳು ತೋರಿಸಿದ. ನೋಡಿದರೆ ಬೆರಳ ಸಂದಿಯೆಲ್ಲ ಗಾಯ. ಕಜ್ಜಿ ಮುಲಾಮು ಕೇಳುತ್ತಿದ್ದಾನೆ ಅಂತ ಆಮೇಲೆ ಗೊತ್ತಾಯಿತು. ಹೊರಗಿನಿಂದ ಮುಲಾಮು ಕೊಡೋ ಹಾಗಿಲ್ಲ ಅಂದರು.

ಅವನು ಬಾಡಿಗೆಗೆ ಇದ್ದ ರೂಮಿನವರು ಸಾಮಾನೆಲ್ಲ ಹೊರಗೆ ಹಾಕಿದ್ದಾರೆ. ಕೆಲಸ ಹೋಗಿದೆ. ಕೇಸಿನಲ್ಲಿ ಗೆದ್ದರೂ ಇವೆಲ್ಲ ವಾಪಸ್ ಬರಲ್ಲ ಅಲ್ವಾ.

ನಿರ್ವಾಹಕ:

ಎಲ್ಲರಲ್ಲೂ ಒಂದು ಮನವಿ. ನಡೆಯುತ್ತಿರುವ ಕೇಸುಗಳ ನಂಬರ್, ಹೆಸರು, ಸ್ಟೇಷನ್ ಹೆಸರು ಹಾಕಬೇಡಿ. ಅಣ್ಣನತಂಗಿ, ನೀವು ಹಾಕಿಲ್ಲ, ಧನ್ಯವಾದ.

ಸ್ಟೆತಸ್ಕೋಪ್:

ತಂಗೀ, ಕಜ್ಜಿ ವಿಷಯ ನಾನು ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯಿಂದ ಜೈಲಿಗೆ ವಾರಕ್ಕೊಮ್ಮೆ ಹೋಗುತ್ತಿದ್ದ ವೈದ್ಯೆ ನಾನು. ಒಬ್ಬನಿಗೆ ಮುಲಾಮು ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಕಜ್ಜಿ ಹುಳ ಪಕ್ಕದವನ ಮೈಯಿಂದ, ಕಂಬಳಿಯಿಂದ ಮತ್ತೆ ಬರುತ್ತದೆ. ಇಡೀ ಬ್ಯಾರಕ್‌ನವರು ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಬೇಕು, ಬೆಳಿಗ್ಗೆ ಎಲ್ಲರ ಬಟ್ಟೆ, ಕಂಬಳಿ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ವಾರ ಬಿಟ್ಟು ಇನ್ನೊಂದು ಸಲ. ಕೇಳಲು ಸುಲಭ. ಆದರೆ ಅಷ್ಟು ಜನಕ್ಕೆ ಬಿಸಿನೀರು ಎಲ್ಲಿ, ಒಗೆದದ್ದು ಒಣಗುವ ತನಕ ಹೊದೆಯಲು ಎರಡನೇ ಕಂಬಳಿ ಎಲ್ಲಿ? ಅಷ್ಟರಲ್ಲಿ ಸಂಜೆ ಹೊಸಬರು ನಾಲ್ಕು ಜನ ಬರುತ್ತಾರೆ. ಮತ್ತೆ ಮೊದಲಿನಿಂದ.

ಕೇಂದ್ರ ಕಾರಾಗೃಹಕ್ಕೂ ಜಿಲ್ಲಾ ಜೈಲಿಗೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಕೇಂದ್ರ ಜೈಲಿನಲ್ಲಿ ವರ್ಷಗಟ್ಟಲೆ ಅದೇ ಜನ ಇರುತ್ತಾರೆ, ಅವರ ಕಾಯಿಲೆ ಗೊತ್ತಿರುತ್ತದೆ. ಜಿಲ್ಲಾ ಜೈಲಿಗೆ ಜನ ಬರುವುದು ನೇರ ಬೀದಿಯಿಂದ. ನಿನ್ನೆ ತನಕ ದಿನಾ ಕುಡಿಯುತ್ತಿದ್ದವನಿಗೆ ಇವತ್ತು ಏಕಾಏಕಿ ಹೆಂಡ ಇಲ್ಲ. ಎರಡನೇ ಮೂರನೇ ದಿನಕ್ಕೆ ಕೈ ನಡುಗುತ್ತದೆ, ಬೆವರುತ್ತಾನೆ, ಇಲ್ಲದ್ದು ಕಾಣಿಸುತ್ತದೆ, ಫಿಟ್ಸ್ ಬರಬಹುದು. ಪ್ರಾಣಕ್ಕೇ ಅಪಾಯ. ಕಾವಲಿನವರಿಗೆ ಅದು ನಾಟಕ ಅನ್ನಿಸುತ್ತದೆ. ರಾತ್ರಿ ಡಾಕ್ಟರ್ ಇರಲ್ಲ. ಆಸ್ಪತ್ರೆಗೆ ಒಯ್ಯಬೇಕು ಅಂದರೆ ಬೆಂಗಾವಲು ಪೊಲೀಸ್ ಬೇಕು. ಡಿಎಆರ್‌ಗೆ (ಜಿಲ್ಲಾ ಸಶಸ್ತ್ರ ಪೊಲೀಸ್ ಪಡೆ) ಫೋನ್ ಮಾಡಿದರೆ, ಸಿಬ್ಬಂದಿ ಬಂದೋಬಸ್ತ್‌ಗೆ ಹೋಗಿದ್ದಾರೆ ಅನ್ನುತ್ತಾರೆ.

ಜೀವ ತೆಗೆದುಕೊಳ್ಳುವ ಯೋಚನೆಯೂ ಮೊದಲ ಕೆಲವು ದಿನಗಳಲ್ಲೇ ಜಾಸ್ತಿ. ಮಾನ ಹೋಯಿತು ಅನ್ನುವ ಸಂಕಟ, ಮನೆಯವರಿಗೆ ಗೊತ್ತಾಯಿತೋ ಇಲ್ಲವೋ ಅನ್ನುವ ಹೆದರಿಕೆ. ಒಳಗೆ ಬಂದ ದಿನವೇ ಯಾರಾದರೂ ಪಕ್ಕ ಕೂತು ಹತ್ತು ನಿಮಿಷ ಸರಿಯಾಗಿ ಮಾತಾಡಿಸಿದರೆ ಅರ್ಧ ಗೊತ್ತಾಗುತ್ತದೆ. ಆದರೆ ಆ ದಿನ ಅವನಿಗೆ ಆಗುವುದು ಎತ್ತರ, ತೂಕ, ಮೈಮೇಲಿನ ಮಚ್ಚೆ ಬರೆದುಕೊಳ್ಳುವುದು ಅಷ್ಟೇ.

ಅಣ್ಣನತಂಗಿ:

ಮೇಡಂ, ಅವನೂ ಕುಡಿಯುತ್ತಿದ್ದ. ಮೊದಲ ವಾರ ಏನಾಯಿತು ಅಂತ ನಮಗೆ ಯಾರೂ ಹೇಳಲಿಲ್ಲ.

ನೇರನುಡಿ:

ಡಾಕ್ಟರ್ ಹೇಳಿದ್ದು ಓದಿ ಸ್ವಲ್ಪ ಸುಮ್ಮನಾದೆ. ಆದರೂ ಒಂದು ಪ್ರಶ್ನೆ ಹಾಗೇ ಇದೆ. ಎಲ್ಲರನ್ನೂ ಸುಲಭದ ಷರತ್ತಿನ ಮೇಲೆ ಬಿಟ್ಟರೆ ನನ್ನ ಬೈಕ್ ಕೇಸು ಯಾವಾಗ ಮುಗಿಯುತ್ತದೆ? ವಕೀಲರೇ ಹೇಳಿದರಲ್ಲ, ಓಡಿಹೋದರೆ ಎಲ್‌ಪಿಸಿ ಅಂತ.

ಕರಿಕೋಟು:

ನ್ಯಾಯವಾದ ಪ್ರಶ್ನೆ. ಬಿಟ್ಟವರೆಲ್ಲ ತಾರೀಖಿಗೆ ಬರುತ್ತಾರೆ ಅಂತ ನಾನು ಹೇಳಲ್ಲ. ಕೆಲವರು ಬರಲ್ಲ. ಆದರೆ ಒಳಗಿದ್ದವನು ಕೋರ್ಟಿಗೆ ಬರುತ್ತಾನೆ ಅಂದುಕೊಂಡಿದ್ದೀರಾ? ನಿಮ್ಮ ಕೇಸಿನ ಆರ್ಡರ್ ಶೀಟ್ (ಪ್ರತಿ ತಾರೀಖಿಗೆ ಕೋರ್ಟ್ ಬರೆದಿಡುವ ಹಾಳೆ) ತೆಗೆಸಿ ನೋಡಿ. ‘ಆರೋಪಿಯನ್ನು ಹಾಜರುಪಡಿಸಿಲ್ಲ, ಬೆಂಗಾವಲು ಲಭ್ಯವಿಲ್ಲ’ ಅಂತ ಎಷ್ಟು ಸಲ ಇರುತ್ತದೆ ನೋಡಿ. ಅವತ್ತು ಸಾಕ್ಷಿ ಹೇಳಲು ನೀವು ರಜೆ ಹಾಕಿ ಬಂದಿರುತ್ತೀರಿ. ಮುಂದಿನ ತಾರೀಖು. ಹಬ್ಬ, ಚುನಾವಣೆ, ಮಂತ್ರಿಗಳ ಪ್ರವಾಸ, ಯಾವುದಿದ್ದರೂ ಮೊದಲು ಕಡಿತ ಆಗುವುದು ಕೋರ್ಟ್ ಬೆಂಗಾವಲು. ಅಂದರೆ ಬೀಗ ಹಾಕಿಟ್ಟರೂ ಕೇಸು ಓಡಲ್ಲ.

ವಿಡಿಯೊ ಕಾನ್ಫರೆನ್ಸ್ ಬಂದಮೇಲೆ ರಿಮ್ಯಾಂಡ್, ಅಂದರೆ ಬಂಧನ ಮುಂದುವರಿಸುವ ಆದೇಶದ ಮಟ್ಟಿಗೆ ಸುಲಭ ಆಗಿದೆ. ಆದರೆ ನನಗೆ ಅದು ಅಷ್ಟು ಇಷ್ಟ ಇಲ್ಲ. ಜೈಲಿನ ಒಂದು ಕೋಣೆ, ಒಂದು ಟಿವಿ, ಹೊರಗೆ ಬಾಗಿಲ ತನಕ ಸಾಲು. ಹೆಸರು ಕರೆಯುತ್ತಾರೆ, ಮುಖ ತೋರಿಸುತ್ತಾನೆ, ‘ನ್ಯಾಯಾಂಗ ಬಂಧನ ಮುಂದುವರಿಸಿದೆ’, ಮುಂದಿನವನು. ಮೊದಲು ಕೋರ್ಟಿಗೆ ಕರೆತಂದಾಗ ವರಾಂಡದಲ್ಲಾದರೂ ವಕೀಲರ ಹತ್ತಿರ ಎರಡು ಮಾತು ಆಡುತ್ತಿದ್ದ, ಮನೆಯವರ ಮುಖ ನೋಡುತ್ತಿದ್ದ, ಹೊಡೆದಿದ್ದರೆ ಗಾಯವನ್ನು ಜಡ್ಜ್‌ಗೆ ತೋರಿಸುತ್ತಿದ್ದ. ಪರದೆಯಲ್ಲಿ ಬೆನ್ನ ಹಿಂದೆ ಜೈಲಿನವರೇ ನಿಂತಿರುವಾಗ ಅವನು ಏನು ತೋರಿಸುತ್ತಾನೆ?

ಹಳೇಖಾಕಿ:

ನಿಂತಿರುತ್ತೇವೆ, ಸುಳ್ಳು ಹೇಳಲ್ಲ.

ಕೊನೆಬೆಂಚು:

ನಾನು ಕಾನೂನು ವಿದ್ಯಾರ್ಥಿ. ಹೊಸ ಕಾನೂನಿನಲ್ಲಿ ಒಂದು ದಾರಿ ಇದೆ, ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. 1979ರ ಹುಸೇನಾರಾ ಖಾತೂನ್ ಕೇಸು ಗೊತ್ತಿರಬಹುದು. ಬಿಹಾರದ ಜೈಲುಗಳಲ್ಲಿ ಕೆಲವರು, ಕೇಸು ಸಾಬೀತಾದರೆ ಎಷ್ಟು ವರ್ಷ ಶಿಕ್ಷೆ ಆಗಬಹುದಿತ್ತೋ ಅದಕ್ಕಿಂತ ಜಾಸ್ತಿ ಕಾಲ ವಿಚಾರಣೆಗೇ ಕಾಯುತ್ತಾ ಕೂತಿದ್ದರು. ವಕೀಲೆ ಕಪಿಲಾ ಹಿಂಗೊರಾಣಿ ಅವರಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು. ಬೇಗ ವಿಚಾರಣೆ ಆಗುವುದು ಮೂಲಭೂತ ಹಕ್ಕು ಅಂತ ಕೋರ್ಟ್ ಹೇಳಿತು. ಆದರೂ ದಂಡ ಪ್ರಕ್ರಿಯಾ ಸಂಹಿತೆಗೆ 436ಎ ಸೇರಿಸಿದ್ದು 2005ರ ತಿದ್ದುಪಡಿಯಲ್ಲಿ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಜಾಮೀನು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 479ನೇ ಕಲಂ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆ ಆಗಿರದ ಮೊದಲ ಸಲದವರಿಗೆ ಮೂರನೇ ಒಂದು ಭಾಗ ಸಾಕು. ಜೈಲು ಸೂಪರಿಂಟೆಂಡೆಂಟರೇ ಕೋರ್ಟಿಗೆ ಅರ್ಜಿ ಬರೆಯಬೇಕು. ಹಳೇ ಕೇಸುಗಳಿಗೂ ಅನ್ವಯ ಅಂತ ಅದೇ ವರ್ಷ ಆಗಸ್ಟ್ 23ರಂದು ಸುಪ್ರೀಂ ಕೋರ್ಟ್ ಹೇಳಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಕೇಸುಗಳಿಗೆ ಇದು ಇಲ್ಲ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗೆ. ಒಳಗಿರುವ ವಿಚಾರಣಾಧೀನರಿಗೆ ಮತ ಹಾಕುವ ಹಕ್ಕಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆ 62(5). ಆದರೆ ಜೈಲಿನಿಂದಲೇ ಚುನಾವಣೆಗೆ ನಿಲ್ಲಬಹುದು! ಅದೇ ವ್ಯಕ್ತಿ ಜಾಮೀನುದಾರ ಸಿಕ್ಕಿ ಹೊರಗೆ ಬಂದರೆ ಮತವೂ ಹಾಕಬಹುದು. ಜಾಮೀನು ನಿಲ್ಲಲು ಒಬ್ಬ ಸಿಕ್ಕರೆ ಮತ, ಸಿಗದಿದ್ದರೆ ಇಲ್ಲ.

ಕರಿಕೋಟು:

ಕೊನೆಬೆಂಚು, ಚೆನ್ನಾಗಿ ಓದಿದ್ದೀರಿ. 479ರ ಎರಡನೇ ಉಪಕಲಮನ್ನೂ ಓದಿ. ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಈ ಕಲಂ ಕೆಳಗೆ ಬಿಡೋ ಹಾಗಿಲ್ಲ. ನಮ್ಮ ಸ್ಟೇಷನ್‌ಗಳಲ್ಲಿ ಒಂದೇ ಕಲಂ ಹಾಕಿ ಎಫ್‌ಐಆರ್ ಮಾಡುವುದು ಎಲ್ಲಿ? ಕಳವು ಅಂದರೆ ಜೊತೆಗೆ ಅತಿಕ್ರಮ ಪ್ರವೇಶ. ಜಗಳ ಅಂದರೆ ಹಲ್ಲೆ, ಬೈಗುಳ, ಬೆದರಿಕೆ ಮೂರೂ. ಹಾಗಾಗಿ ಮುಂದಿನ ಬಾಗಿಲಲ್ಲಿ ಕೊಟ್ಟದ್ದನ್ನು ಹಿತ್ತಲಿನಲ್ಲಿ ವಾಪಸ್ ತೆಗೆದುಕೊಂಡ ಹಾಗೆ. ಅರ್ಜಿ ಹಾಕಬೇಡಿ ಅಂತಲ್ಲ. ಆದರೆ ಜೈಲು ಖಾಲಿ ಆಗಿಬಿಡುತ್ತದೆ ಅಂತ ನಂಬಬೇಡಿ.

ನನ್ನ ಅನುಭವದಲ್ಲಿ ಇದಕ್ಕಿಂತ ಕೆಲಸ ಮಾಡುವುದು ಬಂಧನದ ದಿನವೇ ತಡೆಯುವುದು. 2014ರ ಅರ್ನೇಶ್ ಕುಮಾರ್ ತೀರ್ಪು ಇದೆ. 7 ವರ್ಷದವರೆಗೆ ಶಿಕ್ಷೆ ಇರುವ ಕೇಸಿನಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ, ಯಾಕೆ ಬೇಕು ಅಂತ ಬರೆದು ತೋರಿಸಿ, ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಯಿರಿ ಅಂತ. ಮೊದಲ ರಿಮ್ಯಾಂಡ್ ದಿನ ವಕೀಲರೊಬ್ಬರು ಎದ್ದು ನಿಂತು ಈ ಕಾರಣ ಎಲ್ಲಿ ಅಂತ ಕೇಳಿದರೆ ಎಷ್ಟೋ ಜನ ಜೈಲಿನ ಗೇಟನ್ನೇ ನೋಡಬೇಕಾಗಿಲ್ಲ.

ಕಟ್ಟೆಪುರಾಣ:

ಇದು ನಾನು ದಿನಾ ನೋಡುವ ವಿಷಯ. ಮೊದಲ ರಿಮ್ಯಾಂಡ್ ದಿನ ಹೆಚ್ಚಿನವರ ಪರ ಯಾರೂ ಇರಲ್ಲ. ಉಚಿತ ವಕೀಲರು ಸಿಗುತ್ತಾರೆ ಅಂತಲೇ ಗೊತ್ತಿರಲ್ಲ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. 1987ರ ಕಾಯ್ದೆಯಲ್ಲೇ ಇದೆ. ಸಹಾಯವಾಣಿ 15100. ಗೋಡೆ ಮೇಲೆ ಬರೆದಿರುತ್ತಾರೆ. ಓದಲು ಬರದವನಿಗೆ ಗೋಡೆ ಏನು ಹೇಳುತ್ತದೆ?

ಬಡ ಕೈದಿಗಳ ನೆರವು ಯೋಜನೆ ಅಂತ ಕೇಂದ್ರದ್ದೂ ಒಂದು ಇದೆ. 2023ರ ಬಜೆಟ್‌ನಲ್ಲಿ ಹೇಳಿದ್ದು. ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನರಿಗೆ ಒಂದು ಮಿತಿಯವರೆಗೆ (2023ರ ನಿಯಮದಲ್ಲಿ ₹40,000 ಇತ್ತು) ಸರ್ಕಾರವೇ ಕೋರ್ಟಿಗೆ ಕಟ್ಟುತ್ತದೆ. ಮಾದಕ ವಸ್ತು, ಭ್ರಷ್ಟಾಚಾರ, ಅಕ್ರಮ ಹಣ ವರ್ಗಾವಣೆ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಕೇಸಿನವರಿಗೆ ಇಲ್ಲ. ಜಿಲ್ಲಾಧಿಕಾರಿ, ಎಸ್‌ಪಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಜೈಲಿನವರು ಇರುವ ಸಮಿತಿ ಸೇರಿ ತೀರ್ಮಾನ ಮಾಡಬೇಕು. ಎಡವಟ್ಟು ಏನು ಅಂದರೆ, ನಮ್ಮ ಕೋರ್ಟುಗಳು ಹೆಚ್ಚಾಗಿ ಕೇಳುವುದು ಹಣ ಅಲ್ಲ, ಮನುಷ್ಯ. ಪಹಣಿ ಇರುವ ಮನುಷ್ಯ. ಯೋಜನೆಯಲ್ಲಿ ದುಡ್ಡಿದೆ, ಜಾಮೀನುದಾರ ಇಲ್ಲ. ಕೋರ್ಟ್ ‘ನಗದು ಭದ್ರತೆ ಸಾಕು’ ಅಂದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಅಣ್ಣನತಂಗಿ:

ಹಾಗಂತ ಕೋರ್ಟನ್ನು ಕೇಳಬಹುದಾ? ಜಾಮೀನುದಾರರ ಬದಲು ದುಡ್ಡು ತಗೊಳ್ಳಿ ಅಂತ?

ಕರಿಕೋಟು:

ಕೇಳಬಹುದು. ಸುರಕ್ಷಾ ಸಂಹಿತೆಯ 490ನೇ ಕಲಂ, ಹಳೇದರಲ್ಲಿ 445. ಬಾಂಡ್ ಬದಲು ನಗದು ಠೇವಣಿ ಇಡಲು ಕೋರ್ಟ್ ಅನುಮತಿ ಕೊಡಬಹುದು. ಬಾಂಡ್ ಮೊತ್ತ ಅತಿಯಾಗಿರಬಾರದು ಅಂತ 484ರಲ್ಲಿದೆ. ಕಾನೂನು ಸೇವಾ ಪ್ರಾಧಿಕಾರದ ವಕೀಲರ ಹತ್ತಿರ ಹೋಗಿ, ಷರತ್ತು ಬದಲಾವಣೆಗೆ ಅರ್ಜಿ ಹಾಕಿಸಿ. ಜಾಮೀನು ಆಗಿ ಎಷ್ಟು ದಿನವಾಯಿತು, ಮನೆಯ ಪರಿಸ್ಥಿತಿ ಏನು, ಯಾರ ಯಾರ ಹತ್ತಿರ ಹೋಗಿದ್ದಿರಿ, ಎಲ್ಲ ಬರೆಸಿ. ಮೇಲೆ ಹೇಳಿದ ಸುಪ್ರೀಂ ಕೋರ್ಟಿನ 2023ರ ಆದೇಶದ ಪ್ರತಿಯನ್ನು ಜೊತೆಗಿಡಿ.

ನಿಮ್ಮ ದೊಡ್ಡಮ್ಮನ ಪ್ರಶ್ನೆಗೆ ಉತ್ತರ: ಜಾಮೀನು ನಿಂತ ಮಾತ್ರಕ್ಕೆ ಜಮೀನು ಹೋಗಲ್ಲ. ಆರೋಪಿ ಬರದೇ ಹೋದರೆ ಬಾಂಡ್ ಮೊತ್ತಕ್ಕೆ ಕೋರ್ಟ್ ಜಾಮೀನುದಾರರಿಗೆ ನೋಟಿಸ್ ಕೊಡುತ್ತದೆ, ಕಾರಣ ಕೇಳುತ್ತದೆ. ಆಮೇಲೆ ತಾನೇ ವಸೂಲಿ. ಅವರು ಹೆದರುವುದರಲ್ಲಿ ತಪ್ಪೂ ಇಲ್ಲ.

ಹೊರಗಿನವಳು:

ಹೆಂಗಸರ ಬಗ್ಗೆ ಯಾರೂ ಮಾತಾಡಲಿಲ್ಲ. ಸಣ್ಣ ಜೈಲುಗಳಲ್ಲಿ ಹೆಂಗಸರ ಭಾಗ ಅಂದರೆ ಒಂದು ಮೂಲೆ, ಒಂದು ಕೋಣೆ. ಅದೂ ಇಲ್ಲದ ಕಡೆ ದೂರದ ಜೈಲಿಗೆ ಕಳಿಸುತ್ತಾರೆ. ಆಗ ನೋಡಲು ಬರುವವರೂ ಇಲ್ಲ. 6 ವರ್ಷದವರೆಗೆ ಮಗು ತಾಯಿ ಜೊತೆ ಇರಬಹುದು. ಆಮೇಲೆ ಮಗು ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಮಾಡಿ. ಗಂಡಸರಿಗೆ ಜಾಮೀನು ಕೊಡಿಸಲು ಹೆಂಡತಿ, ತಂಗಿ ಅಲೆಯುತ್ತಾರೆ. ಹೆಂಗಸು ಒಳಗೆ ಹೋದರೆ ಎಷ್ಟು ಮನೆಯಲ್ಲಿ ಗಂಡ ಅಲೆಯುತ್ತಾನೆ?

ಹಳೇಖಾಕಿ:

ತಾಯಿ, ನೀವು ಹೇಳಿದ್ದು ಸತ್ಯ. ಮುಲಾಖಾತ್ ರಿಜಿಸ್ಟರ್ ನೋಡಿದರೆ ಗೊತ್ತಾಗುತ್ತದೆ. ಗಂಡಸರ ಕಡೆ ಸಾಲು, ಹೆಂಗಸರ ಕಡೆ ಯಾರಾದರೂ ಅಮ್ಮ ಬಂದರೆ ಬಂದರು.

ಒಳಗೆ ಮಲಗುವ ಜಾಗದ ವಿಷಯ ಯಾರೋ ಕೇಳಿದ್ದರು. ಹೊಸದಾಗಿ ಬಂದವನಿಗೆ ಕಕ್ಕಸಿನ ಪಕ್ಕದ ಜಾಗ. ಯಾರಾದರೂ ಬಿಡುಗಡೆ ಆದರೆ ಒಂದೊಂದೇ ಜಾಗ ಮುಂದೆ ಸರಿಯುತ್ತಾನೆ. ಕಿಟಕಿ ಪಕ್ಕದ ಜಾಗ ದುಡ್ಡಿರುವವನಿಗೋ ಕೈ ಜೋರಿರುವವನಿಗೋ. ಇದು ಯಾರೂ ಬರೆದಿಟ್ಟ ನಿಯಮ ಅಲ್ಲ. ಜನ ಜಾಸ್ತಿ, ಕಾವಲು ಕಮ್ಮಿ ಆದಾಗ ಬ್ಯಾರಕ್‌ನ ಆಡಳಿತ ಹಳೇ ಕೈದಿಗಳ ಕೈಗೆ ತಾನಾಗಿ ಹೋಗುತ್ತದೆ. ಸಣ್ಣ ಕಳ್ಳತನ ಮಾಡಿ ಬಂದವನು ದೊಡ್ಡವರ ಕೈಗೆ ಸಿಗುವುದು ಅಲ್ಲೇ. ನೇರನುಡಿ ಅವರೇ, ನಿಮ್ಮ ಬೈಕ್ ಕದ್ದವನು ಹೋಗುವಾಗ ಒಬ್ಬನೇ ಕಳ್ಳ. ಬರುವಾಗ ಅವನಿಗೆ ಪೂರ್ತಿ ಬಳಗ ಇರುತ್ತದೆ.

ಕೆಲಸ ಹಂಚುವಾಗ ಜಾತಿ ನೋಡುವುದೂ ಇತ್ತು. ಅಡುಗೆಗೆ ಒಬ್ಬರು, ಗುಡಿಸಲು ಇನ್ನೊಬ್ಬರು. ಹಲವು ರಾಜ್ಯಗಳ ಕೈಪಿಡಿಯಲ್ಲೇ ಬರೆದಿದ್ದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅದನ್ನೆಲ್ಲ ತೆಗೆಯಿರಿ, ರಿಜಿಸ್ಟರ್‌ನಲ್ಲಿ ಜಾತಿ ಕಾಲಂ ಕೂಡ ಬೇಡ ಅಂದಿದೆ. ಕಾಲಂ ತೆಗೆಯಬಹುದು. ಪೊರಕೆ ಯಾರ ಕೈಗೆ ಹೋಗುತ್ತದೆ ಅಂತ ನೋಡಲು ಒಳಗೆ ಹೋಗಬೇಕು.

ನೇರನುಡಿ:

ಬಳಗದ ಮಾತು ನನಗೆ ತಾಗಿತು. ಆರ್ಡರ್ ಶೀಟ್ ತೆಗೆಸುತ್ತೇನೆ. ಆದರೆ ವಕೀಲರೇ, ಪೊಲೀಸರ ಕೆಲಸದ ಬಗ್ಗೆಯೂ ಒಂದು ಮಾತು ಹೇಳಿ. ಎಲ್ಲ ಕೋರ್ಟು, ಜೈಲು ಅಂತೀರಿ.

ಕರಿಕೋಟು:

ಅದಕ್ಕೆ ಬೇರೆ ಚರ್ಚೆಯೇ ಬೇಕು ಸರ್. ಇಲ್ಲಿ ಶುರು ಮಾಡಿದರೆ ಮುಗಿಯಲ್ಲ.

ಅಣ್ಣನತಂಗಿ:

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ನೆರವಿನ ವಕೀಲೆ ಅರ್ಜಿ ಹಾಕಿದರು. ಜಡ್ಜ್ ಓದಿ, ಇಬ್ಬರು ಜಾಮೀನುದಾರರ ಬದಲು ನಗದು ಭದ್ರತೆಗೆ ಒಪ್ಪಿದರು, ಮೊತ್ತವನ್ನೂ ಇಳಿಸಿದರು. ಬಡ ಕೈದಿಗಳ ಯೋಜನೆಗೆ ಜೈಲಿನಿಂದ ಹೆಸರು ಹೋಗಿತ್ತು. ಸಮಿತಿ ಸಭೆ ಇನ್ನೂ ಆಗಿಲ್ಲ ಅಂದರು. ಕಾಯಲಿಲ್ಲ, ಓಲೆ ಅಡ ಇಟ್ಟೆ. ನಿನ್ನೆ ಬೆಳಿಗ್ಗೆ ಬಿಟ್ಟರು. ಮೊದಲು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಮುಲಾಮು ಮನೆಯವರೆಲ್ಲ ಹಚ್ಚಿಕೊಳ್ಳಿ ಅಂದರು. ಡಾಕ್ಟರ್ ಮೇಡಂ ಹೇಳಿದ ಹಾಗೇ.

ಅವನ ಮೊಬೈಲ್, ಪರ್ಸ್ ಸ್ಟೇಷನ್‌ನಲ್ಲಿದೆ. ಆಧಾರ್ ಅದರಲ್ಲೇ ಇದೆ. ಕೆಲಸಕ್ಕೆ ಸೇರಿಕೊಳ್ಳಲು ಆಧಾರ್ ಕೇಳುತ್ತಾರೆ. ಅದನ್ನು ಹೇಗೆ ತಗೊಳ್ಳುವುದು?

ಕರಿಕೋಟು:

ಒಳ್ಳೆ ಸುದ್ದಿ. ಆ ಓಲೆ ಬಿಡಿಸಿಕೊಳ್ಳುವ ತನಕ ಠೇವಣಿ ರಸೀದಿ ಜೋಪಾನ, ಕೇಸು ಮುಗಿದಮೇಲೆ ಆ ಹಣ ವಾಪಸ್ ಬರುತ್ತದೆ. ವಸ್ತುಗಳು ಪಂಚನಾಮೆಯಲ್ಲಿ ಜಪ್ತಿ ಅಂತ ಇದ್ದರೆ ಅದೇ ಕೋರ್ಟಿಗೆ ಮಧ್ಯಂತರ ಬಿಡುಗಡೆ ಅರ್ಜಿ ಹಾಕಬೇಕು. ಜಪ್ತಿಯಲ್ಲಿ ಇಲ್ಲದಿದ್ದರೆ ವಕೀಲೆಯ ಜೊತೆ ಸ್ಟೇಷನ್‌ಗೆ ಹೋಗಿ ಲಿಖಿತವಾಗಿ ಕೇಳಿ, ಸ್ವೀಕೃತಿ ತಗೊಳ್ಳಿ. ಆಧಾರ್ ಕಾರ್ಡ್‌ಗಾಗಿ ಕಾಯಬೇಡಿ, ಅಂಚೆಯಲ್ಲಿ ಹೊಸದು ತರಿಸಬಹುದು.

ಎಲ್ಲಕ್ಕಿಂತ ಮೊದಲು, ಮುಂದಿನ ತಾರೀಖು ಯಾವಾಗ ಅಂತ ಇವತ್ತೇ ಬರೆದಿಟ್ಟುಕೊಳ್ಳಿ. ಅವನಿಗೆ ಕೆಲಸ ಸಿಕ್ಕಿದ್ದರೂ ಅವತ್ತು ರಜೆ ಹಾಕಿ ಕೋರ್ಟಿಗೆ ಬರಲೇಬೇಕು. ಒಂದು ಸಲ ತಪ್ಪಿದರೂ ವಾರಂಟ್ ಆಗುತ್ತದೆ.

ಅಣ್ಣನತಂಗಿ:

ಬರೆದಿಟ್ಟಿದ್ದೇನೆ ಸರ್. ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿದ್ದೇನೆ. ಪಂಚನಾಮೆ ಪ್ರತಿ ನಾಳೆ ವಕೀಲೆ ಕೊಡುತ್ತಾರಂತೆ, ನೋಡಿ ಹೇಳುತ್ತೇನೆ.

ಕಟ್ಟೆಪುರಾಣ:

ಗಾರೆ ಹುಡುಗನಿಗೂ ಅದೇ ಅರ್ಜಿ ಹಾಕಿಸಲು ನಮ್ಮ ಕಡೆಯ ನೆರವಿನ ವಕೀಲರಿಗೆ ಹೇಳಿದ್ದೇನೆ. ಕರಿಕೋಟು ಸರ್, ಆ 2023ರ ಆದೇಶದ ಪ್ರತಿ ನನಗೂ ಬೇಕು. ಬ್ಯಾರಕ್‌ನಲ್ಲಿ ಅವನ ಹಾಗೇ ಇರುವವರ ಪಟ್ಟಿ ಮಾಡುತ್ತಿದ್ದೇನೆ, ಇನ್ನೂ ಮುಗಿದಿಲ್ಲ.